ಮೋಡದ ಮೇಲೆ ಎಳೆದ ಗೆರೆ

ಬಸ್ಸಿನಲ್ಲಿ ಮೀನಿನ ವಾಸನೆ ಬಂದರೆ ನಮ್ಮ ಮನೆಯವರೆಲ್ಲ ಮೂಗಿಗೆ ಸೆರಗು ಹಿಡಿದು ಕಿಟಕಿ ಕಡೆ ತಿರುಗುತ್ತಾರೆ. ನಾನು ವಾಸನೆ ಬಂದ ಕಡೆಗೇ ತಿರುಗುತ್ತೇನೆ. ಹೋದ ವಾರ ನಂಜನಗೂಡಿನಿಂದ ಟಿ. ನರಸೀಪುರಕ್ಕೆ, ಅಕ್ಕನ ಮನೆಗೆ ಹೊರಟಿದ್ದೆ. ಹಿಂದಿನ ಸೀಟಿನಲ್ಲಿ ಸೋಸಲೆ ಕಡೆಯ ಹೆಂಗಸೊಬ್ಬಳು ಒದ್ದೆ ಗೋಣಿಚೀಲ ಮುಚ್ಚಿದ ಬುಟ್ಟಿಯನ್ನು ಕಾಲ ಬಳಿ ಇಟ್ಟುಕೊಂಡು ಕೂತಿದ್ದಳು. ಮಾರಿ ಉಳಿದದ್ದನ್ನು ಮನೆಗೆ ಒಯ್ಯುತ್ತಿದ್ದಳೆಂದು ಕಾಣುತ್ತದೆ. ಕಂಡಕ್ಟರ್ ಬಂದವನೇ, "ಏನಮ್ಮಾ, ಬಸ್ಸೆಲ್ಲ ಗಬ್ಬು ಎಬ್ಬಿಸ್ಬುಟ್ಟಲ್ಲ" ಎಂದು ರೇಗಿದ. ಅವಳು ಹೆದರಲಿಲ್ಲ. "ಎಲ್ಡೇ ಎಲ್ಡು ಬಾಳೆಮೀನು ಕಣಪ್ಪೋ. ಸತ್ತೋಗಿರವಕ್ಕೂ ಟಿಕೆಟ್ ತಗೀಬೇಕಾ?" ಎಂದಳು. ಸುತ್ತ ಕೂತವರು ನಕ್ಕರು. ನಾನು ತಿರುಗಿ, ಒಮ್ಮೆ ತೋರಿಸ್ತೀರಾ ಎಂದು ಕೇಳಿದೆ. ಅವಳು ಗೋಣಿಯ ಅಂಚು ಎತ್ತಿದಳು. ಉದ್ದನೆಯ ಬೆಳ್ಳಗಿನ ಮೈ, ಕಣ್ಣಿನ ಹಿಂದಿನವರೆಗೂ ಸೀಳಿದಂಥ ಬಾಯಿ, ಬಾಯೊಳಗೆ ಉಗುರಿನಂತೆ ಒಳಕ್ಕೆ ಬಾಗಿದ ಸಣ್ಣ ಹಲ್ಲು.

"ತಕ್ಕತೀಯಾ ಅವ್ವ?"

"ಇಲ್ಲ, ನಾವು ತಿನ್ನಲ್ಲ."

"ತಿನ್ನದೋರ್ಗೆ ನೋಡಾದ್ಯಾಕೆ ಮತ್ತೆ?" ಎಂದು ಗೋಣಿ ಮುಚ್ಚಿದಳು.

ಅವಳು ತಮಾಷೆಗೆ ಕೇಳಿದ್ದು. ನನಗೆ ಮಾತ್ರ ಆ ಸೀಟಿನಲ್ಲಿ ಕೂರುವುದು ಕಷ್ಟವಾಯಿತು. ಇದೇ ಪ್ರಶ್ನೆಯನ್ನು ಬೇರೊಬ್ಬರು, ಇದಕ್ಕಿಂತ ಮೆಲ್ಲಗಿನ ದನಿಯಲ್ಲಿ, ಕೆಲವು ವರ್ಷಗಳ ಹಿಂದೆ ಒಂದು ಮಳೆಗಾಲದ ಕೊನೆಗೆ ನನ್ನನ್ನು ಕೇಳಿದ್ದರು. ಆ ಮಳೆಗಾಲವೆಲ್ಲ ನಾನು ಓಡಾಡಿದ್ದು ಇದೇ ರಸ್ತೆಯಲ್ಲಿ.

ಆಗಲೂ ಈಗಲೂ ನನ್ನದು ಸಮುದ್ರದ ಕೆಲಸ. ಸಮುದ್ರದ ಕೆಲಸವೆಂದರೆ ನೀರಿಗೆ ಇಳಿಯುವುದಲ್ಲ. ಉಪಗ್ರಹ ಕಳಿಸಿದ ಚಿತ್ರ ನೋಡಿ, ಸಮುದ್ರದ ಮೈ ಎಲ್ಲಿ ಬೆಚ್ಚಗಿದೆ, ಎಲ್ಲಿ ತಣ್ಣಗಿದೆ, ಎಲ್ಲಿ ಹಸಿರು, ಎಲ್ಲಿ ನೀಲಿ ಎಂದು ಗುರುತಿಸಿ, ದೊಡ್ಡ ಮೀನು ಎಲ್ಲಿ ಸೇರಬಹುದೆಂದು ಕರಾವಳಿಯ ದೋಣಿಯವರಿಗೆ ಕನ್ನಡದಲ್ಲಿ ಹೇಳುವುದು. ದಿನಾ ಸಂಜೆ ನಾಲ್ಕರೊಳಗೆ ಒಂದು ನಿಮಿಷದ ಮಾತನ್ನು ನನ್ನ ದನಿಯಲ್ಲೇ ರೆಕಾರ್ಡ್ ಮಾಡಿ ದೋಣಿಯವರ ವಾಟ್ಸಾಪ್ ಗುಂಪಿಗೆ ಹಾಕಬೇಕು. ಅದನ್ನು ಕೇಳಿಕೊಂಡು ಅವರು ಮಾರನೆಯ ದಿನ ನಸುಕಿಗೆ ಹೊರಡುತ್ತಾರೆ. ಹುಟ್ಟಾ ಲಿಂಗಾಯತಳಾದ, ಮೊಟ್ಟೆಯನ್ನೂ ಮುಟ್ಟದ, ಶಾಲೆಯ ಪ್ರವಾಸದಲ್ಲಿ ಒಮ್ಮೆ ಮಾತ್ರ ಸಮುದ್ರ ನೋಡಿದ್ದ ನನಗೆ ಈ ಕೆಲಸ ಸಿಕ್ಕಿದ್ದು ನಕ್ಷೆ ಓದಲು ಬರುತ್ತಿತ್ತೆಂಬ ಒಂದೇ ಕಾರಣಕ್ಕೆ.

ಅಮ್ಮ ನೆಂಟರ ಹತ್ತಿರ ಮೀನಿನ ಮಾತೇ ಎತ್ತುತ್ತಿರಲಿಲ್ಲ. "ಹವಾಮಾನದ್ದು ಏನೋ ಕೆಲಸ" ಎಂದು ತೇಲಿಸಿಬಿಡುತ್ತಿದ್ದಳು. ನಮ್ಮಿಬ್ಬರಲ್ಲಿ ಮಾತ್ರ ಜಗಳ ನಡೆಯುತ್ತಿತ್ತು.

"ಕೊರಳಲ್ಲಿ ಲಿಂಗ ಕಟ್ಕೊಂಡು ಮೀನು ಹಿಡಿಯೋರಿಗೆ ದಾರಿ ತೋರಿಸ್ತೀಯಲ್ಲೇ ಗಿರಿಜಾ, ಶಿವನಿಗೆ ಏನಂತ ಹೇಳ್ತೀಯ?"

"ಗಂಗೇನ ತಲೆ ಮೇಲೆ ಕೂರಿಸ್ಕೊಂಡಿರೋನು ಅವನೇ ಅಲ್ವೇನಮ್ಮ? ಆ ನೀರಲ್ಲಿ ಮೀನಿಲ್ವಾ?"

"ಬಾಯಿಗೇನು ಬರ ಇಲ್ಲ ಬಿಡು ನಿನಗೆ" ಎನ್ನುತ್ತಿದ್ದಳು.

ಆ ವರ್ಷ ಜುಲೈ ಕೊನೆಯಲ್ಲಿ ಅಮ್ಮ ಬಚ್ಚಲಲ್ಲಿ ಜಾರಿ ಬಿದ್ದು ತೊಡೆಯ ಮೂಳೆ ಮುರಿದುಕೊಂಡಳು. ಆಪರೇಷನ್ ಆದ ಮೇಲೆ ಅಕ್ಕ ಅವಳನ್ನು ಟಿ. ನರಸೀಪುರದ ತನ್ನ ಮನೆಗೆ ಕರೆದುಕೊಂಡು ಹೋದಳು. ಬೆಳಿಗ್ಗೆ ಅಮ್ಮನನ್ನು ಎತ್ತಿ ಕೂರಿಸಿ ಸ್ನಾನ ಮಾಡಿಸಲು ಇಬ್ಬರು ಬೇಕಾಗಿತ್ತು. ಬೇರೆ ಊರಿನಲ್ಲಿದ್ದ ನನ್ನ ಕಚೇರಿಯವರು ನಾಲ್ಕು ತಿಂಗಳು ಮನೆಯಿಂದಲೇ ಕೆಲಸ ಮಾಡು ಎಂದರು. ಆದರೆ ಅಕ್ಕನ ಮನೆಯಲ್ಲಿ ಮೊಬೈಲ್ ನೆಟ್ ಮಾತ್ರ. ಅಷ್ಟು ದೊಡ್ಡ ಚಿತ್ರಗಳು ಅದರಲ್ಲಿ ಇಳಿಯುತ್ತಿರಲಿಲ್ಲ. ನಂಜನಗೂಡಿನ ನಮ್ಮ ಮನೆಯಲ್ಲಿ ಒಳ್ಳೆಯ ಕೇಬಲ್ ಇತ್ತು. ಹಾಗಾಗಿ ಬೆಳಿಗ್ಗೆ ನರಸೀಪುರದಲ್ಲಿ ಅಮ್ಮನ ಸ್ನಾನ, ಹನ್ನೊಂದರ ಬಸ್ಸಿಗೆ ನಂಜನಗೂಡು, ಮಧ್ಯಾಹ್ನವೆಲ್ಲ ನಕ್ಷೆ, ನಾಲ್ಕಕ್ಕೆ ಸಂದೇಶ, ಐದರ ಬಸ್ಸಿಗೆ ಮತ್ತೆ ನರಸೀಪುರ. ಮೊದಲೇ ನಾನು ಕೂತಲ್ಲಿ ಕೂರುವವಳಲ್ಲ. ಆ ನಾಲ್ಕು ತಿಂಗಳು ಕಾಲಿಗೆ ನಿಜವಾಗಿಯೂ ಚಕ್ರ ಕಟ್ಟಿಕೊಂಡಂತಾಯಿತು. ಒಂದು ಊರಿನಲ್ಲಿದ್ದಾಗ ಇನ್ನೊಂದು ಊರಿನ ಬಸ್ಸಿನ ಹೊತ್ತೇ ತಲೆಯಲ್ಲಿ.

ಕಡಲಿನ ಮೀನುಗಾರಿಕೆಗೆ ಆಗಸ್ಟಿನಲ್ಲಿ ಬಾಗಿಲು ತೆರೆಯುತ್ತದೆ. ಮಳೆಗಾಲದ ಗಾಳಿಗೆ ದಡದ ಹತ್ತಿರ ಸಮುದ್ರದ ತಳದ ತಣ್ಣೀರು ಮೇಲಕ್ಕೆ ಏಳುತ್ತದೆ. ಅದರಲ್ಲಿ ಗೊಬ್ಬರದಂಥ ಸತ್ವವಿರುತ್ತದೆ. ಅದಕ್ಕೆ ಪಾಚಿ ಹುಟ್ಟಿ ನೀರು ಹಸಿರಾಗುತ್ತದೆ. ಪಾಚಿಗೆ ಬೂತಾಯಿ, ಬಂಗುಡೆಯಂಥ ಸಣ್ಣವು ಬರುತ್ತವೆ. ಅವನ್ನು ತಿನ್ನಲು ಅಂಜಲ್, ಟ್ಯೂನಾದಂಥ ದೊಡ್ಡವು ಹಿಂದೆಯೇ ಬರುತ್ತವೆ. ಆದರೆ ದೊಡ್ಡವು ಆ ಹಸಿರು ನೀರಿನೊಳಗೆ ನುಗ್ಗುವುದಿಲ್ಲ. ಅವು ಕಣ್ಣಿನಿಂದ ಬೇಟೆಯಾಡುವ ಜಾತಿ, ಮಬ್ಬು ನೀರು ಅವಕ್ಕೆ ಆಗದು. ತಳದಿಂದ ಎದ್ದ ನೀರಿನಲ್ಲಿ ಉಸಿರಾಡುವ ಗಾಳಿಯೂ ಕಡಿಮೆ. ಅದಕ್ಕೇ ನೀಲಿ ನೀರಿನ ಕಡೆ ನಿಂತು, ತಣ್ಣೀರು ಬೆಚ್ಚನೆಯ ನೀರನ್ನು ಮುಟ್ಟುವ ಅಂಚಿನಲ್ಲೇ ಸುತ್ತುತ್ತಿರುತ್ತವೆ. ನಾನು ದಿನಾ ಹುಡುಕುತ್ತಿದ್ದದ್ದು ಆ ಅಂಚನ್ನು. ನಕ್ಷೆಯಲ್ಲಿ ಅದು ಒಂದು ಗೆರೆ. ಗೆರೆ ಸಿಕ್ಕಿದರೆ ಮೀನು ಸಿಕ್ಕಿದ ಹಾಗೆ ಎಂದು ನಾನು ಆಗ ತಿಳಿದಿದ್ದೆ.

ಅದೇ ಗೆರೆಯನ್ನು ನಾನು ಕಣ್ಣಾರೆ ಕಂಡದ್ದು ನರಸೀಪುರದ ಹೊಳೆಯಲ್ಲಿ. ಅಮ್ಮನ ಸ್ನಾನ ಮುಗಿಸಿ ಬಸ್ಸಿಗೆ ಇನ್ನೂ ಹೊತ್ತಿದ್ದಾಗ ಸಂಗಮದ ಮೆಟ್ಟಿಲಿಗೆ ಹೋಗಿ ನಿಲ್ಲುತ್ತಿದ್ದೆ. ನಂಜನಗೂಡಿನಿಂದ ಬಂದ ಕಪಿಲೆ ಆ ದಿನಗಳಲ್ಲಿ ಕೆಂಪಗೆ, ಕಾವೇರಿ ತಿಳಿಯಾಗಿ. ಎರಡೂ ಕೂಡುವ ಕಡೆ ಹೊಳೆಯ ನಡುವೆ ಯಾರೋ ಹಗ್ಗ ಹಿಡಿದು ಎಳೆದಂತೆ ಬಣ್ಣ ಬೇರೆಯಾಗುತ್ತಿತ್ತು. ಅಲ್ಲಿ ತೆಪ್ಪ ಹಾಕಿಕೊಂಡು ಮೀನು ಹಿಡಿಯುತ್ತಿದ್ದವನು ಮಾದಣ್ಣ. ಐವತ್ತು ದಾಟಿದ ಆಳು, ತಲೆಗೆ ಯಾವಾಗಲೂ ಒದ್ದೆ ಟವೆಲ್ಲು. ನಾಲ್ಕೈದು ದಿನ ನನ್ನನ್ನು ನೋಡಿ, ಆಮೇಲೆ ಅವನೇ ಮಾತಾಡಿಸಿದ.

"ಏನವ್ವ, ದಿನಾ ಬಂದ್ ನಿಂತ್ಕತೀಯ. ಮೀನ್ ಬೇಕಾಗಿತ್ತಾ?"

"ಬೇಡ ಮಾದಣ್ಣ. ಆ ಗೆರೆ ನೋಡ್ತಿದ್ದೆ."

"ಗೀಟಾ? ನಮ್ಮನ್ನ ಸಾಕಾದೇ ಅದು ಕಣವ್ವ. ಬಾಳೆಮೀನು ಆ ಕೆಂಪ್ ನೀರೊಳಕ್ಕೆ ಬರಾಕಿಲ್ಲ. ತಿಳಿನೀರಲ್ಲಿ ಗೀಟಿನ್ ಪಕ್ಕ ಕಾಯ್ಕಂಡಿರ್ತದೆ. ಸಣ್ ಮೀನು ಕೆಂಪಿಂದ ಈಚೆಗೆ ಮೂತಿ ಆಕಿದ್ದೇ ತಡ, ಗಬಕ್ ಅಂತ ಇಡ್ಕತದೆ."

ನನಗೆ ಮೈ ಜುಮ್ಮೆಂದಿತು. ನಾನು ಕಂಪ್ಯೂಟರಿನಲ್ಲಿ ಬಣ್ಣ ಹಚ್ಚಿ ಕಂಡುಕೊಂಡದ್ದನ್ನು ಇವನು ಟವೆಲ್ಲು ಸುತ್ತಿಕೊಂಡು ಹೇಳುತ್ತಿದ್ದಾನೆ! ಆಮೇಲೆ ದಿನಾ ಅವನ ಕೆಲಸ ನೋಡುತ್ತಾ ನಿಂತೆ. ಬಲೆ ಬಿಡುವ ಮುಂಚೆ ಅವನು ಒಂದು ಕೆಲಸ ಮಾಡುತ್ತಿದ್ದ. ಗೀಟಿನ ಈ ಕಡೆ ತೆಪ್ಪ ನಿಲ್ಲಿಸಿ, ಬಾಗಿ, ಬೊಗಸೆ ನೀರನ್ನು ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿ ಕೂರುವನು. ಉಗಿಯುವನು. ಹುಟ್ಟು ಹಾಕಿಕೊಂಡು ಗೀಟಿನ ಆ ಕಡೆ ಹೋಗಿ ಮತ್ತೆ ಹಾಗೆಯೇ. ಇದು ಮುಗಿಯುವವರೆಗೆ ಬಲೆಗೆ ಕೈ ಹಾಕುತ್ತಿರಲಿಲ್ಲ. ನನಗೆ ತಡೆಯಲಾಗಲಿಲ್ಲ.

"ಗೀಟು ಕಣ್ಣಿಗೇ ಕಾಣುತ್ತಲ್ಲ ಮಾದಣ್ಣ. ದಿನಾ ಅಲ್ಲೇ ಇರುತ್ತೆ. ಸುಮ್ನೆ ಹೊತ್ತು ಹಾಳು."

"ಕಣ್ಣು ಬಣ್ಣ ಏಳ್ತದೆ. ತಣ್ಪು, ಮಣ್ಣು ಇವ್ನೆಲ್ಲ ಬಾಯೇ ಏಳ್ಬೇಕು. ಕಪಿಲೆ, ಕಾವೇರಿ ಇಬ್ಬರ್ನೂ ಕೇಳ್ಬೇಕು ಕಣವ್ವ" ಎಂದು ನಕ್ಕ.

ಅವನ ಮಾತಿನಲ್ಲಿ ನನಗೆ ಬೇಕಾದದ್ದನ್ನು ಮಾತ್ರ ಇಟ್ಟುಕೊಂಡೆ. ಮೂರು ವಾರ ಆ ಗೀಟು ಸಂಗಮದ ಮೆಟ್ಟಿಲಿನ ಎದುರಿಗೇ ಇತ್ತು. ಒಂದಿಂಚೂ ಕದಲದ ಹಾಗೆ ನೆಟ್ಟಗೆ ಇತ್ತು. ಎರಡು ನೀರು ಕೂಡುವ ಗೆರೆ ಎಂದರೆ ಹೀಗೆ, ತುದಿಯಿಂದ ತುದಿಗೆ ನೇರವಾಗಿ, ಹೋದ ವಾರ ಇದ್ದಲ್ಲೇ ಈ ವಾರವೂ ಇರುವಂಥದ್ದು ಎಂಬುದು ನನಗೆ ತಿಳಿಯದೆಯೇ ನನ್ನ ತಲೆಯಲ್ಲಿ ಕೂತುಬಿಟ್ಟಿತು. ಹೊಳೆಯ ದಡದಲ್ಲಿ ಬೆಳೆದವಳ ಲೆಕ್ಕ ಅದು. ಎರಡು ದಡ ಇರುವ ನೀರನ್ನು ಮಾತ್ರ ನೋಡಿದವರು ಹಾಗೆಯೇ ಯೋಚಿಸುತ್ತಾರೆ.

ದೋಣಿಯವರ ಗುಂಪಿನಲ್ಲಿ ನನ್ನ ದನಿಯನ್ನು ನಿಜವಾಗಿ ನಂಬಿದವರು ಶೀನಣ್ಣ ಒಬ್ಬರೇ. ಕುಂದಾಪುರದ ಕಡೆಯವರು, ನಾಲ್ಕು ಜನ ಹೋಗುವ ದೋಣಿಯ ಯಜಮಾನರು. ಉಳಿದವರು ಸಂದೇಶಕ್ಕೆ ಒಂದು ಹೆಬ್ಬೆಟ್ಟಿನ ಗುರುತು ಹಾಕಿ ತಮಗೆ ತೋಚಿದ ಕಡೆ ಹೋಗುತ್ತಿದ್ದರು. ಮೈಸೂರು ಕಡೆಯಲ್ಲಿ ಕೂತ ಹೆಂಗಸು ನಮಗೆ ಮೀನು ತೋರಿಸುತ್ತಾಳಂತೆ ಎಂದು ನಗುತ್ತಿದ್ದರಂತೆ. ಆಗಸ್ಟಿನ ಮೂರನೆಯ ವಾರ ಶೀನಣ್ಣ ನಾನು ಹೇಳಿದಲ್ಲಿಗೆ ಹೋಗಿ ಬಂದು ಫೋನ್ ಮಾಡಿದರು. "ಗಿರಿಜಾ ಮೇಡಂ, ಮೀನ್ ಇತ್ತ್ ಮಾರಾಯ್ರೆ! ಅಂಜಲ್! ನೀವ್ ಹೇಳಿದ್ ಜಾಗ್ದಲ್ಲೇ!" ಹಿಂದೆ ಜನರ ಕೂಗು, ಮಂಜುಗಡ್ಡೆ ಒಡೆಯುವ ಸದ್ದು ಕೇಳುತ್ತಿತ್ತು. ನಾನು ನಂಜನಗೂಡಿನ ಖಾಲಿ ಮನೆಯಲ್ಲಿ ಒಬ್ಬಳೇ ಕುಣಿದೆ. ಸಂಜೆ ಅಮ್ಮನಿಗೆ ಹೇಳಿದರೆ ಅವಳು ದಿಂಬಿಗೆ ಒರಗಿಕೊಂಡೇ, "ಎಷ್ಟು ಜೀವ?" ಎಂದು ಕೇಳಿದಳು. ನನಗೆ ಆ ಲೆಕ್ಕ ಬೇಡವಾಗಿತ್ತು. ನನ್ನ ಗೆರೆ ಸರಿಯಾಗಿತ್ತು, ಅಷ್ಟು ಸಾಕಾಗಿತ್ತು. ಇನ್ನೊಂದು ಸಲವೂ ಹಾಗೆಯೇ ಆಯಿತು. ಆಮೇಲೆ ನಾಲ್ಕು ಗಂಟೆಗಾಗಿ ಅವರಿಗಿಂತ ನಾನೇ ಹೆಚ್ಚು ಕಾಯತೊಡಗಿದೆ.

ಸೆಪ್ಟೆಂಬರಿನಲ್ಲಿ ಮೋಡ ಕವಿಯಿತು. ಮೋಡದ ಕೆಳಗಿನ ಸಮುದ್ರ ಉಪಗ್ರಹದ ಕಣ್ಣಿಗೆ ಕಾಣುವುದಿಲ್ಲ; ನಕ್ಷೆಯಲ್ಲಿ ಆ ಜಾಗ ಬಿಳಿಯಾಗಿ ಬರುತ್ತದೆ. ಆಗ ಏನು ಮಾಡಬೇಕೆಂಬುದಕ್ಕೆ ಕಚೇರಿಯ ನಿಯಮ ಒಂದೇ ಸಾಲಿನದು: ಮಾಹಿತಿ ಇಲ್ಲ ಎಂದು ಹೇಳು. ಮೊದಲ ದಿನ ಹೇಳಿದೆ. ಎರಡನೆಯ ದಿನವೂ ಹೇಳಿದೆ. ಮೂರನೆಯ ದಿನ ಹೇಳುವಾಗ ನನ್ನ ದನಿ ನನಗೇ ಸತ್ತಂತೆ ಕೇಳಿಸಿತು. ಗುಂಪಿನಲ್ಲಿ ಯಾರೋ ಕೈಮುಗಿಯುವ ಚಿತ್ರ ಹಾಕಿದರು, ಇನ್ಯಾರೋ ನಗುವ ಮುಖ ಹಾಕಿದರು. ನಾಲ್ಕನೆಯ ದಿನ ಮಧ್ಯಾಹ್ನ ಶೀನಣ್ಣ ಫೋನ್ ಮಾಡಿದರು.

"ಮೇಡಂ, ಮೂರ್ ದಿನ ಆಯ್ತಲ್ದಾ. ಇಲ್ಲಿ ಎಲ್ಲ ನಗಾಡ್ತಿದ್ರ್. ನಿನ್ನ ಮೇಡಂ ಎಲ್ಲಿ ಅಂತ ಕೇಳ್ತ್ರ್. ನಾಳೆ ಎಲ್ಲಿಗ್ ಹೋಯ್ಕ್, ಇವತ್ತಾದ್ರೂ ಹೇಳಿ."

"ನೋಡ್ತೀನಿ ಶೀನಣ್ಣ, ನಾಲ್ಕಕ್ಕೆ ಹೇಳ್ತೀನಿ" ಎಂದೆ. ಹೇಳಲು ನನ್ನ ಬಳಿ ಏನೂ ಇರಲಿಲ್ಲ.

ಎದ್ದೆ, ಕೂತೆ, ಅಡುಗೆಮನೆಗೆ ಹೋಗಿ ನೀರು ಕುಡಿದೆ, ಮತ್ತೆ ನಕ್ಷೆ ತೆರೆದೆ. ಬಿಳಿ ಪಟ್ಟೆಯ ಮೇಲ್ತುದಿಯಲ್ಲಿ ಗೆರೆಯ ಒಂದು ತುಂಡು ಮೋಡದಿಂದ ಹೊರಗೆ ಇಣುಕುತ್ತಿತ್ತು. ಕೆಳತುದಿಯಲ್ಲಿ ಇನ್ನೊಂದು ತುಂಡು. ನಡುವೆ ಏನೂ ಇಲ್ಲ. ಬೆಳಿಗ್ಗೆ ತಾನೇ ನೋಡಿ ಬಂದ ಹೊಳೆಯ ಗೀಟು ಕಣ್ಣಿಗೆ ಕಟ್ಟಿತ್ತು. ಎರಡು ತುದಿ ಇಲ್ಲಿವೆ ಎಂದಮೇಲೆ ನಡುವಿನದು ಎಲ್ಲಿಗೆ ಹೋಗುತ್ತದೆ? ಮೌಸನ್ನು ಮೇಲಿನ ತುಂಡಿನ ಮೇಲಿಟ್ಟು ಕೆಳಗಿನ ತುಂಡಿನವರೆಗೆ ನೇರವಾಗಿ ಎಳೆದೆ. ಒಂದು ಸೆಕೆಂಡಿನ ಕೆಲಸ. ಆಮೇಲೆ ನಾಲ್ಕಕ್ಕೆ ಇನ್ನೂ ಹತ್ತು ನಿಮಿಷವಿರುವಾಗಲೇ, ನೀಲಿ ನೀರಿನ ಅಂಚು ದಡದಿಂದ ಎಂದಿಗಿಂತ ದೂರದಲ್ಲಿದೆ, ನೇರ ಪಶ್ಚಿಮಕ್ಕೆ ಹೋಗಿ ಎಂದು ಜಾಗದ ಅಂಕಿಗಳನ್ನು ಓದಿದೆ. ಇದು ಅಂದಾಜು ಎಂಬ ಒಂದು ಮಾತನ್ನೂ ಸೇರಿಸಲಿಲ್ಲ. ಮೂರು ದಿನದ ಮೇಲೆ ನನ್ನ ದನಿಗೆ ಜೀವ ಬಂದಿತ್ತು. ಅದು ನನಗೆ ಇಷ್ಟವಾಗಿತ್ತು ಎಂಬುದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ.

ಶೀನಣ್ಣ ಮಾರನೆಯ ನಸುಕಿಗೆ ಹೊರಟರು. ಅಷ್ಟು ದೂರಕ್ಕೆ ಹೋದವರು ಅವರೊಬ್ಬರೇ. ಅದರ ಮಾರನೆಯ ದಿನ ಮಧ್ಯಾಹ್ನಕ್ಕೆ ವಾಪಸು ಬರಬೇಕಾಗಿತ್ತು, ಬರಲಿಲ್ಲ. ದಡ ಬಿಟ್ಟು ಸ್ವಲ್ಪ ದೂರ ಹೋದರೆ ಅವರ ಫೋನಿಗೆ ಸಿಗ್ನಲ್ ಇರುವುದಿಲ್ಲವೆಂದು ಗೊತ್ತಿತ್ತು. ಆದರೂ ಹತ್ತು ನಿಮಿಷಕ್ಕೊಮ್ಮೆ ಫೋನ್ ಮಾಡಿದೆ. ಗಾಳಿ ಜೋರಾಗಿದೆ ಎಂದು ಗುಂಪಿನಲ್ಲಿ ಯಾರೋ ಬರೆದರು. ಆಮೇಲೆ ಫೋಟೋಗಳು ಬರತೊಡಗಿದವು. ದಡದಿಂದ ಎರಡೇ ಗಂಟೆಯ ದೂರದಲ್ಲಿ ಗಾಳ ಹಾಕಿದವರಿಗೆ ತೋಳುದ್ದದ ಅಂಜಲ್ ಸಿಕ್ಕಿತ್ತು. ಒಂದರ ಮೇಲೊಂದು ಫೋಟೋ. ಅಂಚು ದಡದ ಹತ್ತಿರಕ್ಕೇ ಬಾಗಿಕೊಂಡು ಬಂದಿತ್ತು. ಮೋಡದ ಕೆಳಗೆ ನನಗೆ ಕಾಣದ ಹಾಗೆ ಗಾಳಿ ನೀರನ್ನು ತಳ್ಳಿತ್ತು. ನನ್ನ ನೇರ ಗೆರೆ ಇದ್ದ ಜಾಗದಲ್ಲಿ ಬರೀ ನೀರು, ಆ ನೀರಿನಲ್ಲಿ ನಾಲ್ಕು ಜನ.

ಆ ಸಂಜೆ ಬಸ್ಸಿನಲ್ಲಿ ಇಳಿಯುವ ಜಾಗ ಬಿಟ್ಟು ಮುಂದಕ್ಕೆ ಹೋಗಿಬಿಟ್ಟೆ. ಕಂಡಕ್ಟರ್ ಬೈದು ಇಳಿಸಿದ. ಅಮ್ಮ ನನ್ನ ಮುಖ ನೋಡಿ, "ಯಾಕೆ ಕೆಂಡದ ಮೇಲೆ ನಿಂತೋಳ ಹಾಗೆ ಆಡ್ತೀಯ?" ಎಂದಳು. ನೆಟ್ ಸರಿಯಿಲ್ಲ ಎಂದೆ.

ಬೆಳಿಗ್ಗೆ ಸಂಗಮಕ್ಕೆ ಹೋದರೆ ಅಲ್ಲಿ ಗೀಟೇ ಇರಲಿಲ್ಲ. ಕಬಿನಿ ಅಣೆಕಟ್ಟಿನಿಂದ ಕಪಿಲೆಗೆ ನೀರು ಬಿಟ್ಟಿದ್ದರು. ಕಪಿಲೆ ಉಕ್ಕಿ ಬಂದು ಕಾವೇರಿಯನ್ನೂ ಕೆಂಪು ಮಾಡಿತ್ತು. ದಡದಿಂದ ದಡಕ್ಕೆ ಒಂದೇ ಬಣ್ಣ. ಮಾದಣ್ಣ ತೆಪ್ಪವನ್ನು ಮೆಟ್ಟಿಲಿನ ಮೇಲೆ ಬೋರಲು ಹಾಕಿ, ಅದರ ನೆರಳಿಗೆ ಕೂತು ಬೀಡಿ ಸೇದುತ್ತಿದ್ದ.

"ಗೀಟು ಎಲ್ಲಿ ಹೋಯ್ತು ಮಾದಣ್ಣ?"

"ಯಾರ್ಗೊತ್ತು? ಕೆಳ್ಗೆ ಎಲ್ಲೋ ಓಗಿರ್ತದೆ. ತಲಕಾಡ್ ತಾವ್ಕೋ ಏನೋ."

"ನೀನು ಹೋಗಿ ಹುಡುಕಲ್ವಾ?"

"ಇವತ್ತು ಓಗಕ್ಕಿಲ್ಲ. ಬಾಯ್ಗ್ ಆಕ್ಕಂಡ್ ನೋಡ್ದೆ. ಬರೀ ಮಣ್ಣು. ಏನೂ ಗೊತ್ತಾಗ್ನಿಲ್ಲ. ಗೊತ್ತಾಗ್ದಿದ್ ದಿನ ಮನೇಲಿರಾದು ಕಣವ್ವ, ಒಳೆ ತಾವ ಏನ್ ಜಂಬ?"

ಮೂರು ವಾರ ಅವನ ಪಕ್ಕದಲ್ಲೇ ನಿಂತು ನಾನು ಕಲಿತದ್ದು ಅರ್ಧ. ಉಳಿದ ಅರ್ಧವನ್ನು ಅವನು ಆವತ್ತು ಹೇಳಿದ, ಮೂರು ದಿನ ತಡವಾಗಿ. ಅವನ ತಪ್ಪಲ್ಲ, ನಾನು ಕೇಳಿರಲಿಲ್ಲ. ಅಲ್ಲಿ ನಿಲ್ಲಲಾಗದೆ ಬಸ್ ಸ್ಟ್ಯಾಂಡಿಗೆ ನಡೆದೆ. ನಂಜನಗೂಡು ತಲುಪಿ ಮನೆಯ ಬೀಗ ತೆಗೆಯುತ್ತಿರುವಾಗ ಫೋನ್ ಹೊಡೆದುಕೊಂಡಿತು. ಶೀನಣ್ಣ. ಕೀಲಿಯನ್ನು ಬೀಗದಲ್ಲೇ ಬಿಟ್ಟು ಫೋನ್ ಎತ್ತಿದೆ.

ಎಲ್ಲರೂ ದಡ ಸೇರಿದ್ದರು. ಮೀನು ಕಾಣದೆ ಇನ್ನಷ್ಟು ಮುಂದೆ ಹೋಗಿ ಬಲೆ ಬಿಟ್ಟಿದ್ದರಂತೆ. ಗಾಳಿ ಎದ್ದಾಗ ಎಂಜಿನ್ ಕೈಕೊಟ್ಟಿತು. ದೋಣಿಯನ್ನು ಉಳಿಸಿಕೊಳ್ಳಲು ಬಲೆ ಕತ್ತರಿಸಿ ಬಿಟ್ಟರು. ಒಂದು ರಾತ್ರಿ ಒಂದು ಹಗಲು ಅಲೆದ ಮೇಲೆ ದೊಡ್ಡ ಬೋಟಿನವರು ಕಂಡು ಹಗ್ಗ ಕಟ್ಟಿ ಎಳೆದು ತಂದರು. ಆ ಹಗ್ಗ ಬಿಗಿಯುವಾಗ ಬಾಬಣ್ಣನ ಕೈ ಹಗ್ಗಕ್ಕೂ ದೋಣಿಯ ಅಂಚಿಗೂ ನಡುವೆ ಸಿಕ್ಕಿತು. ಬಾಬಣ್ಣ ಎಂದರೆ ಶೀನಣ್ಣನ ಜೊತೆ ಮೊದಲಿನಿಂದ ಕಡಲಿಗೆ ಹೋಗುತ್ತಿದ್ದವರು. ಫೋನಿನಲ್ಲಿ ಅವರ ಕೆಮ್ಮು ನನಗೆ ಪರಿಚಯವಿತ್ತು. ಬಲಗೈಯ ಎರಡು ಬೆರಳು ಹೋಗಿದ್ದವು.

"ನೀವ್ ಬೇಜಾರ್ ಮಾಡ್ಕಣ್ಬೇಡಿ ಮೇಡಂ" ಎಂದರು ಶೀನಣ್ಣ. "ಉಪಗ್ರಹ ಅಂದ್ರೆ ಎಂತ, ಯಂತ್ರ ಅಲ್ದಾ? ಒಂದೊಂದ್ ಸಲ ತಪ್ಪುತ್ತೆ. ಇಲ್ಲಿ ಎಲ್ರಿಗೂ ಹೇಳಿದೆ ನಾನ್, ಮೇಡಂದ್ ಎಂತ ತಪ್ಪಿಲ್ಲ ಅಂತ."

ಆಗಲೇ ಹೇಳಬೇಕಾಗಿತ್ತು. ಹೇಳಲಿಲ್ಲ. "ಹೂಂ" ಎಂದೆ. ಆ ಒಂದು ಹೂಂ ನನ್ನನ್ನು ಹನ್ನೊಂದು ದಿನ ಸುಮ್ಮನೆ ಕೂರಲು ಬಿಡಲಿಲ್ಲ. ನಂಜನಗೂಡಿನಲ್ಲಿದ್ದರೆ ನರಸೀಪುರಕ್ಕೆ ಹೋಗಿ ಫೋನ್ ಮಾಡಿ ಹೇಳೋಣ ಎನ್ನಿಸುತ್ತಿತ್ತು, ನರಸೀಪುರಕ್ಕೆ ಬಂದರೆ ನಂಜನಗೂಡಿನ ಖಾಲಿ ಮನೆಯಲ್ಲಿ ಹೇಳುವುದೇ ಮೇಲು ಎನ್ನಿಸುತ್ತಿತ್ತು. ಬಸ್ಸಿನಲ್ಲಿ ಕೂತು ಮೊದಲ ಸಾಲು ಕಟ್ಟುವುದು, ಇಳಿಯುವಷ್ಟರಲ್ಲಿ ಅದನ್ನು ಅಳಿಸುವುದು. ಶೀನಣ್ಣ ಸಿಕ್ಕವರಿಗೆಲ್ಲ ನನ್ನ ಪರವಾಗಿ ವಾದಿಸುತ್ತಿದ್ದಾರೆ ಎಂಬುದನ್ನು ನೆನೆದರೆ ಊಟದ ತಟ್ಟೆ ಬಿಟ್ಟು ಎದ್ದುಬಿಡುತ್ತಿದ್ದೆ. ಅವರು ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ಹನ್ನೊಂದನೆಯ ದಿನ ಬೆಳಿಗ್ಗೆ ಅಮ್ಮನ ಬೆನ್ನು ಒರೆಸುತ್ತಿರುವಾಗ ಕೈಯಿಂದ ಚೊಂಬು ಜಾರಿ ಬಿತ್ತು. ಅಮ್ಮ ಅಕ್ಕನನ್ನು ಹೊರಗೆ ಕಳಿಸಿ, "ಏನೇ ಅದು?" ಎಂದಳು. ಎಲ್ಲವನ್ನೂ ಹೇಳಿದೆ. ಗೆರೆ, ಮೋಡ, ಬೆರಳು. ಅಮ್ಮ ಟವೆಲ್ಲನ್ನು ಹೆಗಲಿಗೆ ಎಳೆದುಕೊಂಡಳು. "ಆತುರಗಾರನಿಗೆ ಬುದ್ಧಿ ಮಟ್ಟ ಅಂತ ನಿಮ್ಮಪ್ಪ ನಿನಗೆ ಸಾವಿರ ಸಲ ಹೇಳಿದ್ರು" ಎಂದಳು. ನಾನು ಕಾಯುತ್ತಿದ್ದೆ, ಇನ್ನು ಮೀನಿನ ಪಾಪ, ಶಿವ ಎಲ್ಲ ಬರುತ್ತದೆ ಎಂದುಕೊಂಡೆ. ಬರಲಿಲ್ಲ. "ಮೀನಿನ ವಿಷಯ ನೀನೂ ಶಿವನೂ ನೋಡ್ಕೊಳ್ಳಿ. ಆ ಮನುಷ್ಯನಿಗೆ ಇವತ್ತೇ ಹೇಳು. ಸಂಜೆ ಮಾಡಬೇಡ."

ಬಸ್ ಸ್ಟ್ಯಾಂಡಿನಲ್ಲಿ, ಹನ್ನೊಂದರ ಬಸ್ಸು ಇನ್ನೂ ಜನ ಹತ್ತಿಸಿಕೊಳ್ಳುತ್ತಿರುವಾಗ, ಕಂಬಕ್ಕೆ ಒರಗಿ ಫೋನ್ ಮಾಡಿದೆ. ಶೀನಣ್ಣ ಎಂದಿನಂತೆ, "ಹೇಳಿ ಮೇಡಂ" ಎಂದರು.

"ಶೀನಣ್ಣ, ಯಂತ್ರ ತಪ್ಪಿದ್ದಲ್ಲ. ಆವತ್ತು ಆ ಜಾಗದ ಮೇಲೆ ಮೋಡ ಇತ್ತು. ನನಗೆ ಏನೂ ಕಾಣ್ತಿರಲಿಲ್ಲ. ಗೆರೆ ನಾನೇ ಎಳೆದದ್ದು."

"ನೀವೇಯಾ?"

"ಹೂಂ."

"ಮೋಡದ್ ಮೇಲೆ?"

"ಹೂಂ."

ಅವರು, "ಬಾಬಣ್ಣ ಇಲ್ಲೇ ಇದ್ರ್. ಅವ್ರಿಗ್ ಹೇಳಿ" ಎಂದರು. ಸಿಟ್ಟಿರಲಿಲ್ಲ. ಆದರೆ 'ಮೇಡಂ' ಎಂಬ ಮಾತು ಬಿಟ್ಟುಹೋಗಿತ್ತು.

ಬಾಬಣ್ಣನಿಗೆ ಎಲ್ಲವನ್ನೂ ಮೊದಲಿನಿಂದ ಹೇಳಿದೆ. ಅವರು ನಡುವೆ ಬಾಯಿ ಹಾಕಲಿಲ್ಲ, ಕೆಮ್ಮಲೂ ಇಲ್ಲ. ಮುಗಿಸಿ, "ನನ್ನಿಂದ ತಪ್ಪಾಯ್ತು ಬಾಬಣ್ಣ" ಎಂದೆ.

"ನೀವ್ ಮೀನ್ ತಿಂತ್ರಾ?" ಎಂದು ಕೇಳಿದರು.

"ಇಲ್ಲ."

"ಒಂದ್ ಸಲವೂ ತಿಂದದ್ದಿಲ್ವಾ?"

"ಇಲ್ಲ ಬಾಬಣ್ಣ."

"ನಮ್ಗಾರೆ ಅದ್ರ ಆಸೆ. ಆಸೆ ಇದ್ದವ ಅವಸರ ಮಾಡ್ತ. ನಿಮ್ಗೆ ಎಂತ ಅವಸರ ಇತ್ತ್?"

ನಂಜನಗೂಡು, ನಂಜನಗೂಡು ಎಂದು ಕಂಡಕ್ಟರ್ ಕೂಗುತ್ತಿದ್ದ. ಉತ್ತರ ಇತ್ತು, ಆದರೆ ಎರಡು ಬೆರಳು ಕಳೆದುಕೊಂಡವರಿಗೆ ಹೇಳುವಂಥದ್ದಾಗಿರಲಿಲ್ಲ. ನಾಲ್ಕನೆಯ ದಿನವೂ ಗೊತ್ತಿಲ್ಲ ಎನ್ನಲು ನನಗೆ ನಾಚಿಕೆಯಾಗಿತ್ತು, ಅಷ್ಟೆ. ಬಾಬಣ್ಣ, "ಆಯ್ತ್, ಇಡ್ತೆ" ಎಂದು ಫೋನ್ ಇಟ್ಟರು. ಬಸ್ಸು ಹೊರಟುಹೋಯಿತು. ಮುಂದಿನ ಬಸ್ಸು ಬರುವವರೆಗೆ ಅಲ್ಲೇ ನಿಂತಿದ್ದೆ; ಆ ಮಳೆಗಾಲದಲ್ಲಿ ನಾನು ಅಷ್ಟು ಹೊತ್ತು ಒಂದೇ ಕಡೆ ನಿಂತದ್ದು ಅದೇ ಮೊದಲು.

ಕಚೇರಿಗೂ ಬರೆದೆ. ಎರಡು ವಾರ ನನ್ನ ಕೈಯಿಂದ ಕೆಲಸ ತೆಗೆದು ಬೇರೆಯವರಿಗೆ ಕೊಟ್ಟರು, ಆಮೇಲೆ ಒಂದು ಎಚ್ಚರಿಕೆಯ ಪತ್ರದ ಜೊತೆ ವಾಪಸು ಕೊಟ್ಟರು. ಮತ್ತೆ ನಕ್ಷೆ ತೆರೆದ ಮೊದಲ ದಿನ ಅಕ್ಟೋಬರಿನ ಹಿಂಗಾರು ಮೋಡ ಶೀನಣ್ಣನ ಸಮುದ್ರದ ಮೇಲೆ ಬೆಳ್ಳಗೆ ಕೂತಿತ್ತು. ಮೇಲೆ ಒಂದು ತುಂಡು ಗೆರೆ, ಕೆಳಗೆ ಒಂದು ತುಂಡು, ಅದೇ ಥರ. ಮೌಸಿನಿಂದ ಕೈ ತೆಗೆದು ಮಡಿಲಲ್ಲಿಟ್ಟುಕೊಂಡೆ. ನಾಲ್ಕಾಗುವವರೆಗೆ ಕಾದೆ. ನಾಲ್ಕಕ್ಕೆ ಫೋನ್ ಬಾಯಿಯ ಹತ್ತಿರ ಹಿಡಿದು, ಮಾಹಿತಿ ಇಲ್ಲ ಎಂಬ ಕಚೇರಿಯ ಮಾತನ್ನು ಬಿಟ್ಟು, ನನ್ನದೇ ಮಾತಿನಲ್ಲಿ ಹೇಳಿದೆ: "ಇವತ್ತು ಮೋಡ ಇದೆ. ಮೀನು ಎಲ್ಲಿದೆಯೋ ನನಗೆ ಗೊತ್ತಿಲ್ಲ."

ಗುಂಪಿನಲ್ಲಿ ಯಾರೂ ಏನೂ ಹಾಕಲಿಲ್ಲ. ನಗುವ ಮುಖವೂ ಇಲ್ಲ, ಹೆಬ್ಬೆಟ್ಟೂ ಇಲ್ಲ. ಐದರ ಬಸ್ಸು ಹೋಗಿಬಿಡುತ್ತದೆಂದು ಚಪ್ಪಲಿ ಮೆಟ್ಟಿಕೊಳ್ಳುತ್ತಿರುವಾಗ ಫೋನ್ ಸದ್ದು ಮಾಡಿತು. ಶೀನಣ್ಣನ ನಂಬರಿನಿಂದ ಬಂದ ದನಿ ಸಂದೇಶ. ಒತ್ತಿದೆ. ಮೊದಲು ಬಾಬಣ್ಣನ ಆ ಕೆಮ್ಮು, ಆಮೇಲೆ ಮಾತು: "ಹಾಂಗಾರೆ ನಾಳೆ ಹೋಪುದ್ ಬ್ಯಾಡ. ಹೊಸ ಬಲೆ ಕಟ್ಟುದಿತ್ತ್, ಅದನ್ನೇ ಮಾಡ್ತೊ."

ಬಾಗಿಲಲ್ಲೇ ನಿಂತು ಅದನ್ನು ಮತ್ತೆ ಕೇಳಿದೆ. ಬಲೆ ಕಟ್ಟಲು ಬಲಗೈಗೆ ಎಷ್ಟು ಬೆರಳು ಬೇಕಾಗುತ್ತವೆ ಎಂದು ನಾನು ಅವರನ್ನು ಕೇಳಲಿಲ್ಲ. ಈ ಮಳೆಗಾಲದವರೆಗೂ ಕೇಳಿಲ್ಲ.